ಕಣ್ಣಿಗೊಂದು ಕೆಲಸ: ಗ್ರಾಫಿಕ್ ಡಿಸೈನಿಗೆ ಹೊಸಬರಾದವರಿಗೆ

ಗ್ರಾಫಿಕ್ ಡಿಸೈನ್ ಕಲಿಯಲು ಹೊರಟವರನ್ನು ಶುರುವಿನಲ್ಲೇ ಕಾಡುವ ಭಯ ಒಂದಿದೆ. ಕಂಪ್ಯೂಟರ್ ಮುಂದೆ ಕೂತಾಗ ಏನೂ ಹೊಳೆಯದೇ ಹೋದರೆ? ತಂತ್ರಾಂಶವನ್ನು ಯಾರಾದರೂ ಹೇಳಿಕೊಡುತ್ತಾರೆ, ಮಾಡುತ್ತಾ ಮಾಡುತ್ತಾ ಕೈ ಪಳಗುತ್ತದೆ. ಆದರೆ ಐಡಿಯಾ ಎಲ್ಲಿಂದ ತರುವುದು? ಈ ಭಯಕ್ಕೆ ಬಹಳ ಮಂದಿ ಕಂಡುಕೊಂಡಿರುವ ಮದ್ದು ಮೊಬೈಲು. ಪಿಂಟರೆಸ್ಟ್, ಬಿಹ್ಯಾನ್ಸ್, ಇನ್‌ಸ್ಟಾಗ್ರಾಂ ತೆರೆದು ಗಂಟೆಗಟ್ಟಲೆ ಬೆರಳಾಡಿಸುತ್ತಾರೆ. ಅಲ್ಲಿ ಒಳ್ಳೆಯ ಕೆಲಸಗಳಿವೆ, ನೋಡಬೇಡಿ ಎನ್ನುವುದಿಲ್ಲ. ಆದರೆ ಅಲ್ಲಿ ನಿಮ್ಮ ಕೈಗೆ ಸಿಗುವುದು ಯಾರೋ ಬರೆದು ಮುಗಿಸಿದ ಉತ್ತರಪತ್ರಿಕೆ. ಪ್ರಶ್ನೆ ಏನಿತ್ತು ಎಂಬುದು ಅದರಲ್ಲಿ ಕಾಣುವುದಿಲ್ಲ.

ಪ್ರಶ್ನೆಗಳು ಇರುವುದು ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ. ದಿನಾ ಕಣ್ಣಿಗೆ ಬೀಳುವ ವಸ್ತುವನ್ನು ಹಿಡಿದು ‘ಇದು ಹೀಗೇ ಏಕಿದೆ?’ ಎಂದು ಕೇಳುವ ಅಭ್ಯಾಸ ಬೆಳೆದರೆ ಸ್ಫೂರ್ತಿಗಾಗಿ ಕಾಯುವ ಪ್ರಮೇಯ ಬರುವುದಿಲ್ಲ. ಇನ್ನೊಂದು ಮಾತು: ಈ ಪ್ರಶ್ನೆ ಏಳುವ ಮೊದಲು ಸಾಮಾನ್ಯವಾಗಿ ಒಂದು ನಗು ಬರುತ್ತದೆ. ಯಾವುದೋ ಬೋರ್ಡು, ಯಾವುದೋ ಪೊಟ್ಟಣ, ಯಾವುದೋ ಚಿತ್ರ ನೋಡಿ ತುಟಿ ಅರಳಿದರೆ ಅಲ್ಲಿ ನಿಲ್ಲಿ. ನಿಮ್ಮ ಕಣ್ಣು ಏನನ್ನೋ ಗುರುತಿಸಿದೆ, ಬುದ್ಧಿಗೆ ಅದಿನ್ನೂ ತಿಳಿದಿಲ್ಲ ಎಂದು ಅರ್ಥ. ಮೊದಲು ನಗು, ಆಮೇಲೆ ಪ್ರಶ್ನೆ, ಆಮೇಲೆ ಪೆನ್ಸಿಲ್. ಈ ಲೇಖನದ ಪಾಠ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಉದಾಹರಣೆ.

ಇದು ನನ್ನ ಸ್ವಂತ ಶೋಧವೇನೂ ಅಲ್ಲ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ನಮ್ಮ ದೇಶವನ್ನು ಸುತ್ತಾಡಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಇಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅವರು ಎತ್ತಿ ಹಿಡಿದದ್ದು ಒಂದು ಚೊಂಬನ್ನು. ಇಂಥದ್ದೊಂದನ್ನು ಹೊಸದಾಗಿ ಮಾಡಬೇಕಾದರೆ ಏನೇನು ಯೋಚಿಸಬೇಕು ಎಂದು ಉದ್ದಕ್ಕೆ ಪಟ್ಟಿ ಮಾಡಿದರು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತಲೆಯ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ತುಂಬಿದಾಗ ಭಾರ ಎತ್ತ ವಾಲುತ್ತದೆ, ಬಗ್ಗಿಸಿದಾಗ ನೀರು ಹೇಗೆ ಬೀಳುತ್ತದೆ, ತೊಳೆಯುವುದು ಸುಲಭವೇ, ಕೊನೆಗೆ ಗುಜರಿಗೆ ಹಾಕಿದರೆ ಎಷ್ಟು ಸಿಗುತ್ತದೆ. ನಾವು ‘ಕೊನೆಗೆ ಸಿಕ್ಕಿದ್ದು ಚೊಂಬು’ ಎಂದು ಆಡಿಕೊಳ್ಳುವ ವಸ್ತುವಿನಲ್ಲಿ ಅವರಿಗೆ ತಲೆಮಾರುಗಳ ಬುದ್ಧಿ ಕಂಡಿತು. ಅದೇ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ನಮ್ಮ ದೇಶದ ವಿನ್ಯಾಸ ಶಿಕ್ಷಣದ ಮೊದಲ ಪುಟಗಳಲ್ಲೇ ಚೊಂಬು ಇದೆ ಎಂದ ಮೇಲೆ ನಾವು ಅಂಗಡಿ ಬೋರ್ಡು ನೋಡಲು ನಾಚಬೇಕಿಲ್ಲ.

ಬೀದಿಯ ಅಕ್ಷರಗಳು

ಊರಿನ ಹಳೆಯ ಪೇಟೆಯಲ್ಲಿ ಒಂದು ಸುತ್ತು ಹಾಕಿ. ಫ್ಲೆಕ್ಸ್ ಬರುವ ಮೊದಲು ಅಂಗಡಿ ಬೋರ್ಡುಗಳನ್ನು ಪೇಂಟರುಗಳು ಕೈಯಿಂದಲೇ ಬರೆಯುತ್ತಿದ್ದರು. ಹಿಟ್ಟಿನ ಗಿರಣಿ, ಸೈಕಲ್ ಶಾಪು, ಮಿಲಿಟರಿ ಹೋಟೆಲು, ಸರ್ಕಾರಿ ಶಾಲೆಯ ಗೋಡೆ ಇಂಥ ಕಡೆ ಕೆಲವು ಇನ್ನೂ ಉಳಿದಿವೆ. ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣದಾಗಿ ‘ಆರ್ಟ್ಸ್’ ಎಂದು ಕೊನೆಯಾಗುವ ಒಂದು ರುಜುವೂ ಇರುತ್ತದೆ. ಅವರೇ ನಿಮ್ಮ ಹಿರಿಯರು.

ಮೊದಲು ತಲೆಕಟ್ಟನ್ನು ನೋಡಿ. ಕ, ಗ, ತ, ನ, ಮ ಅಕ್ಷರಗಳ ನೆತ್ತಿಯ ಮೇಲೆ ತಲೆಕಟ್ಟಿದೆ. ಖ, ಜ, ಣ, ಬ, ಲ ಅಕ್ಷರಗಳಿಗೆ ಇಲ್ಲ. ‘ಕಮಲ’ ಎಂದು ದೊಡ್ಡದಾಗಿ ಬರೆದು ನೋಡಿ. ಮೊದಲ ಎರಡು ಅಕ್ಷರಗಳಿಗೆ ಪೇಟ, ಮೂರನೆಯದು ಬೋಳು. ಹೆಸರಿನ ಮೇಲಂಚು ಅಲ್ಲಿ ಕುಸಿದಂತೆ ಕಾಣುತ್ತದೆ. ಪಳಗಿದ ಪೇಂಟರ್ ಏನು ಮಾಡುತ್ತಾನೆ ಗಮನಿಸಿ. ಲಕಾರದ ಸುರುಳಿಯನ್ನು ತುಸು ಮೇಲಕ್ಕೆ ಏರಿಸುತ್ತಾನೆ, ಇಲ್ಲವೇ ಆ ಖಾಲಿ ಜಾಗಕ್ಕೆ ಒಂದು ಎಲೆಯನ್ನೋ ಹೂವನ್ನೋ ಕೂರಿಸುತ್ತಾನೆ. ಇಂಗ್ಲಿಷ್ ಅಕ್ಷರಗಳ ಬಗ್ಗೆ ಬರೆದ ಯಾವ ಪುಸ್ತಕದಲ್ಲೂ ನಿಮಗೆ ಈ ಸಮಸ್ಯೆ ಸಿಗುವುದಿಲ್ಲ, ಉತ್ತರವೂ ಸಿಗುವುದಿಲ್ಲ.

ಎರಡನೆಯದು ಒತ್ತಕ್ಷರ. ‘ರಾಷ್ಟ್ರೀಯ’ ಎಂಬ ಪದದ ನಡುವಿನ ಅಕ್ಷರ ಎಷ್ಟು ಜಾಗ ತಿನ್ನುತ್ತದೆ ಅಳೆದು ನೋಡಿ. ಮೇಲೆ ಗುಡಿಸು, ಬಲಕ್ಕೆ ದೀರ್ಘ, ಕೆಳಗೆ ಟಕಾರದ ಒತ್ತು, ಅದರ ಮಗ್ಗುಲಿಗೆ ರಕಾರದ ಒತ್ತು. ಇಂಗ್ಲಿಷ್ ಸಾಲುಗಳ ನಡುವೆ ಬಿಡುವಷ್ಟೇ ಅಂತರವನ್ನು ಕನ್ನಡಕ್ಕೂ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಬಸ್ ನಿಲ್ದಾಣದ ಪ್ರಕಟಣೆಗಳಲ್ಲಿ, ಮದುವೆ ಮಂಟಪದ ಫ್ಲೆಕ್ಸ್‌ಗಳಲ್ಲಿ ಈ ಅಪಘಾತ ದಿನವೂ ನಡೆಯುತ್ತಿರುತ್ತದೆ.

ಮೂರನೆಯದು ಅಕ್ಷರದ ಸೀಳು. ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳಿದ ಷ’ ಎಂದು ಹೇಳಿಕೊಟ್ಟದ್ದು ನೆನಪಿರಬೇಕು. ಧಕಾರಕ್ಕೂ ಕೆಳಗೊಂದು ಸೀಳಿದೆ. ದಪ್ಪ ಕುಂಚದಲ್ಲಿ ಅವಸರದಿಂದ ಬರೆದರೆ, ಅಥವಾ ದಪ್ಪ ಫಾಂಟನ್ನು ಸಣ್ಣ ಅಳತೆಯಲ್ಲಿ ಅಚ್ಚು ಹಾಕಿದರೆ ಆ ಸೀಳು ಮುಚ್ಚಿಕೊಳ್ಳುತ್ತದೆ. ಆಗ ಧನಲಕ್ಷ್ಮಿ ಟ್ರೇಡರ್ಸ್ ಇದ್ದದ್ದು ದನಲಕ್ಷ್ಮಿ ಟ್ರೇಡರ್ಸ್ ಆಗುತ್ತದೆ. ನಕ್ಕುಬಿಡಿ. ನಕ್ಕ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಫಾಂಟು ಆರಿಸುವಾಗ ದೊಡ್ಡ ಅಳತೆಯಲ್ಲಿ ಎಷ್ಟು ಚಂದ ಎಂದು ನೋಡಿದರೆ ಸಾಲದು, ಸಣ್ಣ ಅಳತೆಯಲ್ಲಿ ಅದರ ಸೀಳು ಉಳಿಯುತ್ತದೆಯೇ ಎಂದೂ ನೋಡಬೇಕು.

ಇನ್ನೊಂದು ನಗೆಪಾಟಲು ಕಂಪ್ಯೂಟರ್ ಕಾಲದ್ದು. ದೊಡ್ಡ ಕಂಪನಿಗಳ ಹೋರ್ಡಿಂಗುಗಳಲ್ಲಿ, ಹೊರದೇಶದ ವಿಮಾನ ನಿಲ್ದಾಣಗಳ ಸ್ವಾಗತ ಫಲಕಗಳಲ್ಲಿ ಒಮ್ಮೊಮ್ಮೆ ‘ಕನ್ನಡ’ ಎಂಬುದು ‘ಕನ್‌ನಡ’ ಎಂದು ಬಿಡಿಬಿಡಿಯಾಗಿ ಬಿದ್ದಿರುತ್ತದೆ. ಡಿಸೈನ್ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತುಗಳು ಜೋಡಿಕೊಳ್ಳದೆ ಹೀಗಾಗುತ್ತದೆ. ಕನ್ನಡ ಓದಲು ಬರುವ ಒಬ್ಬರು ಅಚ್ಚಿಗೆ ಹೋಗುವ ಮೊದಲು ಒಮ್ಮೆ ಕಣ್ಣಾಡಿಸಿದ್ದರೆ ತಪ್ಪುತ್ತಿತ್ತು. ಆ ಒಬ್ಬರು ನೀವಾಗಬಹುದು. ಅದರಲ್ಲೂ 2024ರ ತಿದ್ದುಪಡಿ ಕಾಯ್ದೆಯ ನಂತರ ಕರ್ನಾಟಕದ ಅಂಗಡಿ ಮುಂಗಟ್ಟುಗಳ ಫಲಕಗಳಲ್ಲಿ ಶೇಕಡ 60ರಷ್ಟು ಭಾಗ, ಅದೂ ಮೇಲ್ಭಾಗದಲ್ಲಿ, ಕನ್ನಡವಿರಬೇಕು. ಕನ್ನಡದ ದುಂಡು ಅಕ್ಷರವನ್ನೂ ಇಂಗ್ಲಿಷಿನ ನೆಟ್ಟ ಅಕ್ಷರವನ್ನೂ ಒಂದೇ ಬೋರ್ಡಿನಲ್ಲಿ ಜಗಳವಿಲ್ಲದೆ ಕೂರಿಸಬಲ್ಲವರಿಗೆ ಕೆಲಸಕ್ಕೆ ಬರವಿಲ್ಲ. ಕಲಿಯಲು ಬೇಕಾದ ಒಳ್ಳೆಯ ಕನ್ನಡ ಫಾಂಟುಗಳೂ ಈಗ ಉಚಿತವಾಗಿ ಸಿಗುತ್ತವೆ. ಮುಂಬೈಯ ಏಕ್ ಟೈಪ್ ಬಳಗ ಮಾಡಿರುವ, ಉಂಡುಂಡು ಬೆಳೆದ ಮಗುವಿನಂಥ ‘ಬಾಲೂ ತಮ್ಮ’ ಅವುಗಳಲ್ಲೊಂದು.

ಹಳೆಯ ಅಕ್ಷರ ನೋಡಬೇಕೆನಿಸಿದರೆ ಹಳೆಯ ಪತ್ರಿಕೆಗಳ ಕಡೆ ಹೋಗಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚು ಎಂದರೆ ಮೊಳೆ ಜೋಡಿಸುವ ಬದಲು ಬರಹವನ್ನೇ ಕಲ್ಲಿಗೆ ಇಳಿಸಿ ಅಚ್ಚು ತೆಗೆಯುವ ವಿಧಾನ. ನಮ್ಮ ಮುದ್ರಣದ ಹಳೆಯ ಪುಟಗಳಲ್ಲೂ ಕೈಬರಹದ ಉಸಿರು ಇದೆ.

ಹಾಲಿನ ಪ್ಯಾಕೆಟ್ಟು, ಸೋಪಿನ ಡಬ್ಬಿ

ಇನ್ನು ಮನೆಯೊಳಗೆ ಬನ್ನಿ. ಬೆಳಗ್ಗೆ ನಂದಿನಿ ಬೂತಿನ ಮುಂದೆ ಐದು ನಿಮಿಷ ನಿಂತು ಕೇಳಿಸಿಕೊಳ್ಳಿ. ‘ಎರಡು ನೀಲಿ ಕೊಡಿ’, ‘ಒಂದು ಹಸಿರು, ಒಂದು ಆರೆಂಜು.’ ಪ್ಯಾಕೆಟ್ಟಿನ ಮೇಲೆ ಟೋನ್ಡ್, ಶುಭಂ ಎಂದೆಲ್ಲ ಹೆಸರಿದೆ. ಕೊಳ್ಳುವವರ ಬಾಯಲ್ಲಿ ಉಳಿದಿರುವುದು ಬಣ್ಣ ಮಾತ್ರ. ನಮ್ಮ ಮೆಟ್ರೊದಲ್ಲೂ ಹೀಗೆಯೇ. ಬೈಯಪ್ಪನಹಳ್ಳಿಯ ದಾರಿ ಎಂದು ಯಾರೂ ಹೇಳುವುದಿಲ್ಲ, ನೇರಳೆ ಮಾರ್ಗ, ಹಸಿರು ಮಾರ್ಗ ಎನ್ನುತ್ತಾರೆ. ಹೊಸಬರು ಬಣ್ಣವನ್ನು ಅಲಂಕಾರಕ್ಕೆ ಎಂದುಕೊಳ್ಳುತ್ತಾರೆ. ಬಣ್ಣಕ್ಕೆ ಹೆಸರಿನ ಕೆಲಸವನ್ನೂ ಹೊರುವ ಶಕ್ತಿಯಿದೆ.

ಆದರೆ ಎಲ್ಲ ಭಾರವನ್ನೂ ಬಣ್ಣದ ಮೇಲೆ ಹೇರಬಾರದು. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ. ಚೌಕದೊಳಗೆ ಒಂದು ಹಸಿರು ಚುಕ್ಕಿ ಇದೆ, ಅದು ಸಸ್ಯಾಹಾರದ ಗುರುತು. ಮಾಂಸಾಹಾರಕ್ಕೆ ಮೊದಲು ಕಂದು ಬಣ್ಣದ ಚುಕ್ಕಿಯೇ ಇತ್ತು. ಹಸಿರು, ಕಂದು ಬಣ್ಣಗಳ ವ್ಯತ್ಯಾಸ ತಿಳಿಯದ ವರ್ಣಾಂಧರಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಹೊಸ ನಿಯಮದಲ್ಲಿ ಮಾಂಸಾಹಾರದ ಚುಕ್ಕಿ ಹೋಗಿ ಕಂದು ತ್ರಿಕೋನ ಬಂದಿದೆ. ಒಂದು ಆಕಾರ ಬದಲಾಯಿತು, ಅಷ್ಟೇ. ಕೆಂಪು ಎಂದರೆ ತಪ್ಪು, ಹಸಿರು ಎಂದರೆ ಸರಿ ಎಂದು ಪರದೆಯ ಮೇಲೆ ಬರೀ ಬಣ್ಣದಲ್ಲಿ ತೋರಿಸಲು ಹೊರಟಾಗಲೆಲ್ಲ ಈ ತ್ರಿಕೋನವನ್ನು ನೆನೆಯಿರಿ.

ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿಯನ್ನೂ ಎಸೆಯುವ ಮೊದಲು ಒಮ್ಮೆ ಬಿಡಿಸಿ ಹರಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯ ಅವರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಕೂಸು ಅದು. ರಸಾಯನ ವಿಜ್ಞಾನಿ ಎಸ್.ಜಿ. ಶಾಸ್ತ್ರಿ ಅವರು ಸೋಪಿನ ಪರಿಮಳವನ್ನಷ್ಟೇ ಅಲ್ಲ, ಅದರ ಪೆಟ್ಟಿಗೆಯನ್ನೂ ಒಡವೆ ಇಡುವ ಪೆಟ್ಟಿಗೆಯಂತೆ ಕಾಣುವ ಹಾಗೆ ಯೋಚಿಸಿದರು. ಗುರುತಾಗಿ ಆರಿಸಿಕೊಂಡದ್ದು ಶರಭ: ಸಿಂಹದ ಮೈ, ಆನೆಯ ತಲೆ. ಮೈ ತೊಳೆಯುವ ಸೋಪಿಗೆ ಪುರಾಣದ ಮೃಗವೇಕೆ ಎಂದು ನಗು ಬರಬಹುದು. ಆದರೆ ಶತಮಾನ ದಾಟಿದ ಮೇಲೂ ಆ ಮೃಗ ಅಲ್ಲೇ ಕೂತಿದೆ. ಲೋಗೋ ವಸ್ತುವಿನ ಚಿತ್ರವೇ ಆಗಬೇಕೆಂದಿಲ್ಲ, ಸೋಪಿಗೆ ನೊರೆ, ಹೋಟೆಲಿಗೆ ಚಮಚ ಬರೆಯಲೇಬೇಕೆಂದಿಲ್ಲ ಎಂಬುದನ್ನು ಶರಭ ಕಲಿಸುತ್ತದೆ.

ಹೊಸ್ತಿಲ ಮುಂದಿನ ಗ್ರಿಡ್

ಲೇಔಟ್ ಪಾಠ ಶುರುವಾದ ಕೂಡಲೇ ನಿಮ್ಮ ಕಿವಿಗೆ ಬೀಳುವ ಮಾತು ‘ಗ್ರಿಡ್’. ಕಾಣದ ಅಡ್ಡ ಉದ್ದ ಗೆರೆಗಳ ಆಸರೆಯಲ್ಲಿ ಪುಟದ ಅಕ್ಷರ, ಚಿತ್ರಗಳನ್ನು ಕೂರಿಸುವ ಕ್ರಮ ಅದು. ಇದನ್ನು ಸ್ವಿಸ್ ವಿನ್ಯಾಸಕಾರರ ಪುಸ್ತಕಗಳಿಂದ ಕಲಿಯಬಹುದು, ಕಲಿಯಿರಿ. ಅದಕ್ಕೂ ಮೊದಲು ಬಾಗಿಲು ತೆರೆದು ಹೊಸ್ತಿಲ ಮುಂದೆ ನೋಡಿ.

ಚುಕ್ಕಿ ರಂಗೋಲಿಯಲ್ಲಿ ‘7ರಿಂದ 4, ಸಂದು ಚುಕ್ಕಿ’ ಎಂದರೆ ನಡುಸಾಲಿನಲ್ಲಿ 7 ಚುಕ್ಕಿ, ಅದರ ಮೇಲೂ ಕೆಳಗೂ ಸಂದುಗಳಲ್ಲಿ 6, 5, 4. ಒಟ್ಟು 37 ಚುಕ್ಕಿ, ಆಕಾರ ಷಟ್ಕೋನ. ಅದೇ ‘7ರಿಂದ 1, ನೇರ ಚುಕ್ಕಿ’ ಎಂದರೆ ಚುಕ್ಕಿಯ ನೇರಕ್ಕೇ ಚುಕ್ಕಿ ಬಂದು 7, 5, 3, 1 ಎಂದು ಇಳಿಯುತ್ತದೆ. ಒಟ್ಟು 25, ಆಕಾರ ವಜ್ರ. ಒಂದು ಸಾಲಿನ ಸೂಚನೆಯಲ್ಲಿ ಇಡೀ ಗ್ರಿಡ್ ಅಡಗಿದೆ. ಅಕ್ಕಪಕ್ಕದ ಮನೆಯವರು ಇದನ್ನು ಬಾಯಲ್ಲೇ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಚುಕ್ಕಿ ಅಳತೆ ಕೊಡುತ್ತದೆ, ಎಳೆ ರೂಪ ಕೊಡುತ್ತದೆ. ಒಂದೇ 37 ಚುಕ್ಕಿಗಳ ಮೇಲೆ ಒಂದು ಮನೆಯಲ್ಲಿ ತಾವರೆ ಅರಳಿದರೆ ಇನ್ನೊಂದರಲ್ಲಿ ದೀಪ ಹೊತ್ತುತ್ತದೆ. ಗ್ರಿಡ್ ಕೈಕಟ್ಟಿಹಾಕುತ್ತದೆ ಎಂದು ಗೊಣಗುವ ಹೊಸಬರಿಗೆ ನಾನು ಮೊದಲು ಕೊಡುವ ಅಭ್ಯಾಸವೇ ಇದು: ಒಂದೇ ಚುಕ್ಕಿ ಸಾಲಿನ ಮೇಲೆ ಒಂದಕ್ಕೊಂದು ಹೋಲದ ಮೂರು ರಂಗೋಲಿ.

ಧಾರವಾಡ ಸೀಮೆಯ ಕಸೂತಿ ಇದರ ಮುಂದಿನ ತರಗತಿ. ಅಲ್ಲಿ ಚಿತ್ರವನ್ನು ಮೊದಲೇ ಬಟ್ಟೆಯ ಮೇಲೆ ಬರೆದುಕೊಳ್ಳುವುದಿಲ್ಲ. ಬಟ್ಟೆಯ ನೂಲಿನ ಎಳೆಗಳನ್ನು ಎಣಿಸುತ್ತಾ ಸೂಜಿ ಹಾಯಿಸುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ, ಮುರ್ಗಿಗಳಲ್ಲಿ ಗಂಟು ಕಾಣದಂತೆ, ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ ಮೂಡುವಂತೆ ಹೊಲಿಯಬೇಕು. ಈ ಕಟ್ಟುಪಾಡಿನಲ್ಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಬರುತ್ತವೆ. ಮೊಬೈಲ್ ಆ್ಯಪ್‌ಗಳಿಗೆ ಐಕಾನ್ ಬರೆಯುವವರು ಪಿಕ್ಸೆಲ್ ಎಣಿಸುತ್ತಾ ಎದುರಿಸುವ ಪ್ರಶ್ನೆಯೂ ಇದೇ: ಇಷ್ಟೇ ಮನೆಗಳಲ್ಲಿ ಆನೆಯ ಸೊಂಡಿಲನ್ನು ಎಲ್ಲಿ ಬಾಗಿಸುವುದು? ಕಸೂತಿಯ ಆನೆ ಸ್ವಲ್ಪ ಮೊಂಡು, ಸ್ವಲ್ಪ ತಮಾಷೆ. ಆದರೆ ಅದು ಆನೆಯೇ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಬಣ್ಣದ ಸಂಯಮ ಕಲಿಯಬೇಕೆಂದರೆ ಮಲೆನಾಡಿನ ದೀವರ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ತಂತ್ರಾಂಶದಲ್ಲಿ ಲಕ್ಷಾಂತರ ಬಣ್ಣಗಳು ಎದುರಿಗಿರುವಾಗ ನಾಲ್ಕರಲ್ಲೇ ಮುಗಿಸುವ ಧೈರ್ಯ ಹೊಸಬರಿಗೆ ಬರುವುದಿಲ್ಲ. ನಾಲ್ಕರಲ್ಲಿ ಒಂದು ಮದುವೆ ಮನೆಯ ಗೋಡೆಯೇ ಕಳೆಗಟ್ಟುತ್ತದೆ ಎಂಬುದಕ್ಕೆ ಸಾಕ್ಷಿ ಸಾಗರ, ಸೊರಬದ ಕಡೆ ಇದೆ.

ಓದಲು ಬಾರದವರಿಗೂ ತಿಳಿಯುವಂತೆ

ಗ್ರಾಫಿಕ್ ಡಿಸೈನಿನ ಅರ್ಧ ಕೆಲಸ ಚಂದ ಮಾಡುವುದು, ಉಳಿದರ್ಧ ತಿಳಿಯುವಂತೆ ಮಾಡುವುದು. ಎರಡನೆಯದಕ್ಕೆ ಹೆದ್ದಾರಿಯೇ ಪಾಠಶಾಲೆ. ಬಸ್ಸಿನ ಕಿಟಕಿಯಿಂದ ಮೈಲಿಗಲ್ಲುಗಳ ತಲೆಯ ಬಣ್ಣ ನೋಡುತ್ತಾ ಹೋಗಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಹಳ್ಳಿಯ ರಸ್ತೆ. ವೇಗವಾಗಿ ಹೋಗುವವನಿಗೆ ಓದಲು ಪುರಸೊತ್ತಿಲ್ಲ ಎಂಬುದನ್ನು ಮೊದಲೇ ಊಹಿಸಿ ಮಾಡಿದ ಏರ್ಪಾಡು ಅದು.

ಚುನಾವಣೆ ಬಂದಾಗ ಮತಪತ್ರದ ಚಿಹ್ನೆಗಳನ್ನು ಗಮನಿಸಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ಮತದಾರರಲ್ಲಿ ಬಹುಪಾಲು ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಪಕ್ಷಕ್ಕೊಂದು ಚಿತ್ರ ಕೊಡುವ ಪದ್ಧತಿ ಹಾಗೆ ಬಂತು. ಪಕ್ಷೇತರರಿಗೆಂದು ಇರುವ ಪಟ್ಟಿಯಲ್ಲಿ ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್, ಕುಕ್ಕರ್‌ಗಳೆಲ್ಲ ಗಂಭೀರವಾಗಿ ಸಾಲು ನಿಂತಿರುವುದನ್ನು ಕಂಡರೆ ನಗು ಬಾರದಿರದು. ಆದರೆ ಹೆಬ್ಬೆರಳಿನಗಲದ ಜಾಗದಲ್ಲಿ, ಬರೀ ಕಪ್ಪು ಗೆರೆಯಲ್ಲಿ, ಇನ್ನೊಂದರ ಜೊತೆ ಗೊಂದಲವಾಗದಂತೆ ಕುಕ್ಕರ್ ಬರೆಯಲು ನೀವೇ ಕೂತು ನೋಡಿ. ಸೀಟಿ ಬೇಕೋ ಬೇಡವೋ ಎಂಬುದರಲ್ಲೇ ಒಂದು ಸಂಜೆ ಕಳೆಯುತ್ತದೆ.

ಮತ ಹಾಕಿ ಬಂದವರ ಬೆರಳನ್ನೂ ನೋಡಿ. ಆ ಅಳಿಸದ ಶಾಯಿ ತಯಾರಾಗುವುದು ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ, 1962ರ ಚುನಾವಣೆಯಿಂದ. ಎಡ ತೋರುಬೆರಳಿನ ಮೇಲೆ ಒಂದು ಗೆರೆ: ಅಕ್ಷರವಿಲ್ಲ, ಲಾಂಛನವಿಲ್ಲ. ಆದರೂ ಅದನ್ನು ಓದಲಾರದ ಭಾರತೀಯನಿಲ್ಲ.

ಆಟದಲ್ಲೂ ಈ ಬುದ್ಧಿ ಇದೆ. ಮೈಸೂರಿನ ಗಂಜೀಫಾ ಎಲೆಗಳು ದುಂಡಗಿರುತ್ತವೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಪ್ರತಿ ಅವತಾರದಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದ ಹತ್ತು ಎಣಿಕೆಯ ಎಲೆಗಳು. ಮೀನು, ಆಮೆ, ಕೊಡಲಿಯಂಥ ಗುರುತಿನಿಂದಲೇ ಯಾವ ಗುಂಪು ಎಂದು ತಿಳಿಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ್ ಇಂಥ ಆಟಗಳಲ್ಲಿ ಎಷ್ಟು ಮುಳುಗಿದ್ದರೆಂದರೆ ಹೊಸ ಹೊಸ ಎಲೆಯಾಟಗಳನ್ನೂ ಮಣೆಯಾಟಗಳನ್ನೂ ತಾವೇ ಕಟ್ಟಿದರು. ವಿನೋದಕ್ಕೆ ಮಾಡಿದ ವಸ್ತುವಿನಲ್ಲೂ ಇಷ್ಟು ಬಿಗಿಯಾದ ಕ್ರಮ ಇರುತ್ತದೆ ಎಂಬುದು ನಿಮ್ಮ ಗಮನದಲ್ಲಿರಲಿ.

ಯಾರ ಮುಖ ಎಷ್ಟು ದೊಡ್ಡದು

ಪುಟದಲ್ಲಿ ಮೊದಲು ಏನು ಕಾಣಬೇಕು, ಆಮೇಲೆ ಏನು, ಕೊನೆಗೆ ಏನು ಎಂದು ತೀರ್ಮಾನಿಸುವುದು ಈ ವೃತ್ತಿಯ ಅತಿ ಕಷ್ಟದ ಕೆಲಸ. ಇದನ್ನು ಕಲಿಸಲು ನನಗೆ ಲಗ್ನಪತ್ರಿಕೆಗಿಂತ ಒಳ್ಳೆಯ ಪಠ್ಯ ಸಿಕ್ಕಿಲ್ಲ. ನೆತ್ತಿಯಲ್ಲಿ ಮನೆದೇವರ ಪ್ರಸನ್ನ, ಆಮೇಲೆ ಹಿರಿಯರ ಹೆಸರು, ವಧೂವರರು, ಮುಹೂರ್ತ, ಛತ್ರದ ವಿಳಾಸ, ಸುಖಾಗಮನ ಬಯಸುವವರು, ಕಡೆಯಲ್ಲಿ ‘ಆಶೀರ್ವಾದವೇ ಉಡುಗೊರೆ.’ ಓದುವವನಿಗೆ ಬೇಕಾದದ್ದು ಮೂರೇ: ಯಾರದು, ಯಾವಾಗ, ಎಲ್ಲಿ. ಆದರೆ ಮಾವನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಚಿಕ್ಕದಾದರೆ ಮದುವೆಯೇ ಮುರಿದೀತು! ಈ ಎರಡು ಒತ್ತಡಗಳ ನಡುವೆ ಪುಟ ಕಟ್ಟುವ ಪ್ರೆಸ್ಸಿನವರ ಜಾಣ್ಮೆ ಸಾಮಾನ್ಯದ್ದಲ್ಲ.

ಹುಟ್ಟುಹಬ್ಬದ ಶುಭಾಶಯ ಕೋರುವ ರಾಜಕೀಯ ಫ್ಲೆಕ್ಸ್ ಇನ್ನೂ ಸ್ಪಷ್ಟ. ನಡುವೆ ನಾಯಕರ ಆಳೆತ್ತರದ ಚಿತ್ರ, ಮೇಲಿನ ಸಾಲಿನಲ್ಲಿ ದೊಡ್ಡವರ ಸಣ್ಣ ಮುಖಗಳು, ಕೆಳಗೆ ‘ಶುಭ ಕೋರುವವರು’ ಎಂಬ ಚುಕ್ಕಿಯಂಥ ಮುಖಗಳ ಸಾಲು. ಪಕ್ಷದೊಳಗೆ ಯಾರ ಸ್ಥಾನ ಎಲ್ಲಿ ಎಂಬುದನ್ನು ಒಂದಕ್ಷರ ಓದದೆ ಮುಖದ ಅಳತೆಯಿಂದಲೇ ಹೇಳಬಹುದು. ನೀವು ನಗುವುದು ಸರಿಯೇ. ಆದರೆ ಅಳತೆಯೇ ಅರ್ಥ ಹೇಳುತ್ತದೆ ಎಂಬ ಸೂತ್ರವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬಳಸಿದ ವಿನ್ಯಾಸ ಬೇರೆಲ್ಲಿದೆ?

ನಗಿಸುವವರಿಂದ ಕಲಿಯುವುದು

ವಿನೋದಕ್ಕಾಗಿಯೇ ಕೈ ಆಡಿಸಿದವರ ಕೆಲಸ ನೋಡುವುದೂ ದಿನಚರಿಯಲ್ಲಿರಲಿ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರನ್ನು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿಸಿಕೊಳ್ಳಲಿಲ್ಲ. ಅದೃಷ್ಟಕ್ಕೆ ಕಾಗೆಗಳಿಗೆ ಪ್ರವೇಶ ಪರೀಕ್ಷೆ ಇರಲಿಲ್ಲ. ಎಲ್ಲರೂ ಓಡಿಸುವ ಆ ಹಕ್ಕಿಯನ್ನು ಅವರು ಜೀವನವಿಡೀ ಬರೆಯುತ್ತಲೇ ಇದ್ದರು. ರಾ.ಶಿ. ಅಂದರೆ ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿದ ಕನ್ನಡದ ಹಾಸ್ಯ ಪತ್ರಿಕೆ ‘ಕೊರವಂಜಿ’ಗೂ ಅವರು ಚಿತ್ರ ಬರೆದಿದ್ದಾರೆ. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತ ತುಂಟ ಹುಡುಗ ಗಟ್ಟು ಕೂಡ 1954ರಲ್ಲಿ ಅವರ ಕೈಯಲ್ಲೇ ಹುಟ್ಟಿದವನು. ವ್ಯಂಗ್ಯಚಿತ್ರದ ಗೆರೆ ಜಾಹೀರಾತಿಗೂ ನಡೆಯುತ್ತದೆ ಎಂಬುದಕ್ಕೆ ಅವನೇ ಸಾಕ್ಷಿ.

1966ರಲ್ಲಿ ಸಿಲ್ವೆಸ್ಟರ್ ಡಾಕುನ್ಹಾ ಅವರ ಯೋಚನೆ, ಯೂಸ್ಟೇಸ್ ಫರ್ನಾಂಡಿಸ್ ಅವರ ಗೆರೆ ಸೇರಿ ಬಂದ ಅಮುಲ್ ಹುಡುಗಿಯನ್ನೂ ನೋಡಿ. ಚುಕ್ಕಿ ಲಂಗ, ನೀಲಿ ಕೂದಲು, ಕೆನ್ನೆಯುಬ್ಬು. ಅವಳು ಬದಲಾಗುವುದಿಲ್ಲ, ಸುತ್ತಲಿನ ಸುದ್ದಿ ಬದಲಾಗುತ್ತಿರುತ್ತದೆ. ಬೆಣ್ಣೆಯ ಬಗ್ಗೆ ಒಂದೇ ಮಾತನ್ನು ಬೇಸರ ಬರದಂತೆ ಸಾವಿರ ಸಲ ಹೇಳುವ ಉಪಾಯ ಅದು. ಇನ್ನು ಉಪೇಂದ್ರ 2010ರಲ್ಲಿ ಮಾಡಿದ ಚಿತ್ರದ ಪೋಸ್ಟರಿನಲ್ಲಿ ಹೆಸರೇ ಇರಲಿಲ್ಲ, ಹೆಬ್ಬೆರಳು ತೋರುಬೆರಳು ಕೂಡಿಸಿದ ಕೈಯ ಗುರುತೊಂದಿತ್ತು. ಜನ ತಾವೇ ‘ಸೂಪರ್’ ಎಂದು ಓದಿಕೊಂಡರು. ನೋಡುವವನಿಗೆ ಸ್ವಲ್ಪ ಕೆಲಸ ಉಳಿಸಿ. ಅವನು ತಾನೇ ಬಿಡಿಸಿದ ಒಗಟನ್ನು ಮರೆಯುವುದಿಲ್ಲ.

ಕೂಡಿಡುವುದು, ಎರವಲು ತರುವುದು

ಇಷ್ಟೆಲ್ಲ ನೋಡಿ ಬರೀ ಫೋಟೊ ತೆಗೆದರೆ ಅವು ಮೊಬೈಲಿನ ಹೊಟ್ಟೆ ಸೇರುತ್ತವೆ, ಮತ್ತೆ ಹೊರಬರುವುದಿಲ್ಲ. ಹಾಗಾಗಿ ಒಂದು ಅಗ್ಗದ ನೋಟ್‌ಬುಕ್ ಇಡಿ. ಕಂಡದ್ದನ್ನು ವಕ್ರವಾಗಿಯಾದರೂ ಕೈಯಿಂದ ಬರೆಯಿರಿ. ಪಕ್ಕದಲ್ಲಿ ಮೂರು ಸಂಗತಿ ಸಾಕು: ಎಲ್ಲಿ ಕಂಡಿತು, ನಿಮ್ಮನ್ನು ನಿಲ್ಲಿಸಿದ್ದು ಏನು, ಅದನ್ನು ಹಾಗೆ ಮಾಡಿದವರಿಗೆ ಏನು ಕಷ್ಟವಿದ್ದಿರಬಹುದು. ಬಸ್ ಟಿಕೆಟ್ಟು, ಬೆಂಕಿಪೊಟ್ಟಣದ ಚೀಟಿ, ಊದುಬತ್ತಿಯ ಡಬ್ಬಿ, ಹಳೆ ಪುಸ್ತಕದ ಹರಿದ ರಕ್ಷಾಪುಟ ಇವನ್ನು ಅಂಟಿಸಿಕೊಳ್ಳಿ. ವಿಂಗಡಿಸುವಾಗ ‘ಹೂವು’, ‘ಪ್ರಾಣಿ’ ಎಂದು ಮಾಡಬೇಡಿ. ‘ಜಾಗ ಕಡಿಮೆ ಇದ್ದಾಗ’, ‘ಎರಡು ಭಾಷೆ ಬಂದಾಗ’, ‘ಒಂದೇ ಬಣ್ಣ ಇದ್ದಾಗ’ ಎಂದು ಮಾಡಿ. ಮುಂದೆ ಕ್ಲೈಂಟ್ ತರುವುದು ಹೂವನ್ನಲ್ಲ, ಇಂಥ ತೊಡಕನ್ನು.

ಎರವಲಿಗೂ ಕಳವಿಗೂ ಇರುವ ಗೆರೆಯನ್ನು ಆರಂಭದಲ್ಲೇ ತಿಳಿದುಕೊಳ್ಳಬೇಕು. ಸಿರಿಧಾನ್ಯ ಮೇಳದ ಪೋಸ್ಟರಿಗೆ ಇಂಟರ್ನೆಟ್ಟಿನಿಂದ ಕಸೂತಿಯ ಅಂಚೊಂದನ್ನು ಎತ್ತಿ ಅಂಟಿಸಿದರೆ ಅದು ಯಾರದೋ ಬೆರಳಿನ ದುಡಿಮೆ. ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಎಳೆ ಎಣಿಸುವ ಅದರ ಕ್ರಮವನ್ನು ಕಲಿತು, ಅದೇ ಕಟ್ಟುಪಾಡಿನಲ್ಲಿ ನೀವೇ ಒಂದು ರಾಗಿ ತೆನೆ ಬರೆದರೆ ಅದು ಪಾಠ. ರೂಪವನ್ನೇ ತೆಗೆದುಕೊಳ್ಳಬೇಕಾದಾಗ ಬರೆದವರನ್ನು ಕೇಳಿ, ಹೆಸರು ಹಾಕಿ, ದುಡ್ಡು ಕೊಡಿ. ಫಾಂಟಿನ ಪರವಾನಗಿ ಓದಿ. ಪೇಂಟರ್ ಒಬ್ಬರ ಅಕ್ಷರ ಇಷ್ಟವಾದರೆ ಅದನ್ನು ಸ್ಕ್ಯಾನ್ ಮಾಡುವುದಕ್ಕಿಂತ ಅವರಿಗೇ ಕೆಲಸ ಕೊಡುವುದು ಒಳ್ಳೆಯದು. ಅವರ ಪಕ್ಕ ನಿಂತು ಕುಂಚ ಹೇಗೆ ತಿರುಗುತ್ತದೆ ಎಂದು ನೋಡುವ ಭಾಗ್ಯವೂ ಸಿಗುತ್ತದೆ.

ಮೊದಲ ಕೆಲಸ

ಓದಿ ಸುಮ್ಮನಾಗಬೇಡಿ, ಇವತ್ತೇ ಒಂದು ಕೆಲಸ ಮಾಡಿ. ಮನೆಯ ಕರೆಂಟ್ ಬಿಲ್ ಹುಡುಕಿ ತನ್ನಿ. ಉದ್ದನೆಯ ಚೀಟಿ, ಒಂದೇ ಬಣ್ಣ, ಒತ್ತೊತ್ತಾದ ಅಂಕಿಗಳು. ಅಜ್ಜಿಗೋ ಪಕ್ಕದ ಮನೆಯವರಿಗೋ ಕೊಟ್ಟು ‘ಎಷ್ಟು ಕಟ್ಟಬೇಕು, ಯಾವತ್ತಿನೊಳಗೆ ಕಟ್ಟಬೇಕು’ ಎಂದು ಕೇಳಿ. ಅವರ ಬೆರಳು ಚೀಟಿಯ ಮೇಲೆ ಎಲ್ಲೆಲ್ಲಿ ಅಲೆಯುತ್ತದೆ ಎಂಬುದನ್ನು ಮಾತ್ರ ನೋಡಿ, ಸಹಾಯಕ್ಕೆ ಹೋಗಬೇಡಿ.

ಆಮೇಲೆ ಅದೇ ಅಗಲದ ಕಾಗದದ ಮೇಲೆ, ಕಪ್ಪು ಪೆನ್ನಿನಲ್ಲಿ, ಅಕ್ಷರಕ್ಕೆ ಎರಡೇ ಅಳತೆ ಇಟ್ಟುಕೊಂಡು ಆ ಬಿಲ್ಲನ್ನು ಮತ್ತೆ ಬರೆಯಿರಿ. ಯಾವ ಮಾಹಿತಿಯನ್ನೂ ಬಿಡುವಂತಿಲ್ಲ, ಸೇರಿಸುವಂತಿಲ್ಲ. ಜಾಗ ಬದಲಿಸಬಹುದು, ನಡುವೆ ತೆರವು ಬಿಡಬಹುದು, ಗೆರೆ ಎಳೆಯಬಹುದು. ರಂಗೋಲಿಯ ಚುಕ್ಕಿ, ಲಗ್ನಪತ್ರಿಕೆಯ ಸಾಲು, ಫ್ಲೆಕ್ಸಿನ ಮುಖದ ಅಳತೆ ಮೂರೂ ಇಲ್ಲಿ ಕೆಲಸಕ್ಕೆ ಬರುತ್ತವೆ. ನಿಮ್ಮ ಚೀಟಿಯನ್ನು ಬೇರೊಬ್ಬರಿಗೆ ಕೊಟ್ಟು ಅದೇ ಎರಡು ಪ್ರಶ್ನೆ ಕೇಳಿ. ಬೆರಳು ಅಲೆಯದೆ ನೇರ ಉತ್ತರದ ಮೇಲೆ ಹೋದರೆ ನೀವು ಮೊದಲ ಡಿಸೈನ್ ಮಾಡಿದಿರಿ. ಹೋಗದಿದ್ದರೆ ಇನ್ನೊಂದು ಕಾಗದ ತೆಗೆದುಕೊಳ್ಳಿ. ಕಂಪ್ಯೂಟರಿಗೆ ಇನ್ನೂ ಅವಸರವಿಲ್ಲ.